ಹಮ್ಮಣ್ಣನ ಮೈದಾನ ಬಿಟ್ಟು ಗಜನಿಗೆ ಹೋದದ್ದು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಏನೋ ಮುಖ್ಯ ಕೆಲಸ ನೆನಪಾಗುತ್ತಿತ್ತು. ತೆಂಗಿನ ಬುಡ ಬಿಡಿಸುವುದು, ಕನ್ನಡಕದ ಕಾಲಿಗೆ ನೂಲು ಸುತ್ತುವುದು, ಬೆಕ್ಕಿಗೆ ಬುದ್ಧಿ ಹೇಳುವುದು. ಈಗ ಕನ್ನಡಕ ಗಟ್ಟಿಯಾಗಿದೆ. ಬೆಕ್ಕು ಮನೆ ಬಿಟ್ಟು ಹೋಗಿದೆ. ತಪ್ಪಿಸಿಕೊಳ್ಳಲು ಇನ್ನು ದಾರಿಯಿಲ್ಲ!

ಹಮ್ಮಣ್ಣ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಮುಗಿಸಿದವರು. ಅಲ್ಲಿಂದ ಮುಂದೆ ದೇವರು ಲೆಕ್ಕ ತಪ್ಪಿದ. ನಾನು ಕಾರವಾರದ ಒಂದು ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿ, ಬಸ್ಸಿನ ಕಂಬ ಹಿಡಿದೇ ಮುದುಕನಾದೆ. ಹಮ್ಮಣ್ಣ ಲಾರಿ ಕೊಂಡ, ಜಾಗ ಕೊಂಡ, ಪಂಚಾಯ್ತಿಗೆ ನಿಂತ, ಗೆದ್ದ. ಇಷ್ಟನ್ನೂ ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದೆ. ಆದರೆ ಈ ವಯಸ್ಸಿನಲ್ಲೂ ಅವನ ತಲೆ ತುಂಬ ಕೂದಲು! ಅದನ್ನು ಹೇಗೆ ಕ್ಷಮಿಸುವುದು?

ನಮ್ಮೂರು ಬೆಳಂಬಾರದ ಹತ್ತಿರ. ಪ್ರತಿವರ್ಷ ಇಲ್ಲಿ ವಾಲಿಬಾಲ್ ಪಂದ್ಯಾವಳಿ. ಅದು ನಡೆಯುವುದು ಹಮ್ಮಣ್ಣನ ಮೈದಾನದಲ್ಲಿ. ಮೈಕು ಹಿಡಿದು ವೀಕ್ಷಕ ವಿವರಣೆ ಹೇಳುವವನು ನಾನು. ನೆಲ ಅವನದು, ಗಾಳಿ ನನ್ನದು. ಈ ಒಪ್ಪಂದ ಹೇಗೋ ನಡೆದುಕೊಂಡು ಬಂದಿತ್ತು.

ಆ ವರ್ಷ ಹಾರವಾಡದ ಕಡಲದಂಡೆಯಲ್ಲಿ ಯಾವುದೋ ಕಂಪನಿಯ ದೊಡ್ಡ ಜೆಟ್ಟಿ ಬರುತ್ತದೆಂದು ಸುದ್ದಿಯಾಯಿತು. ದೋಣಿ ಎಳೆದಿಡುವ ಜಾಗವೇ ಹೋಗುತ್ತದೆಂದು ಮೀನುಗಾರರು ಬೀದಿಗಿಳಿದರು. ಹಮ್ಮಣ್ಣ ಕಂಪನಿಯವರ ವೇದಿಕೆ ಹತ್ತಿ, ಜೆಟ್ಟಿ ಬರಲೇಬೇಕೆಂದು ಭಾಷಣ ಬಿಗಿದ.

ಆಮೇಲೊಂದು ದಿನ ನಾಗವೇಣಿ ಮೀನಿನ ಬುಟ್ಟಿ ಇಳಿಸಿ ನಮ್ಮ ಅಂಗಳದಲ್ಲಿ ಕೂತಳು. ಹಾರವಾಡದವಳು, ಟೆಂಪೊ ಹಿಡಿದು ನಮ್ಮ ಕಡೆ ಮೀನು ಮಾರಲು ಬರುತ್ತಾಳೆ. ಅವಳ ಮಗ ಹಾರವಾಡ ತಂಡದ ನಾಯಕ.

"ಅಣ್ಣಾ, ನೀವು ಕಮಿಟಿಯಲ್ಲಿ ಇದ್ದವ್ರು, ಅದ್ಕೆ ಕೇಳ್ತೆ. ನಮ್ಮ ದಂಡೆ ಹೋಗ್ಲಿ ಅಂದವ್ನ ಜಾಗದಲ್ಲಿ ನಮ್ಮ ಹುಡುಗ್ರು ಹೆಂಗೆ ಆಡೂದು? ಅವ್ನು ಬಹುಮಾನ ಕೊಡ್ತ, ಇವ್ರು ಕೈ ಮುಗೀಬೇಕು, ಫೋಟೊ ತೆಗಿತ್ರು. ನಾಳೆ ಅದೇ ಫೋಟೊ ತೋರ್ಸಿ, ಹಾರವಾಡದವ್ರು ನಮ್ಮ ಕಡೆಗೇ ಅವ್ರೆ ಅಂತ್ರು. ಆಡ್ಬೇಕು ಅಂದ್ರೆ ಹುಡುಗ್ರಿಗೆ ಜೀವ. ಬೇರೆ ಜಾಗ ನೋಡೂಕೆ ಆಗ್ತದಾ?"

ನಾನು ಗಂಭೀರವಾಗಿ ಕೆಮ್ಮಿ, "ಆಟದಲ್ಲಿ ರಾಜಕೀಯ ತರ್ಬಾರ್ದು ನಾಗವೇಣಿ" ಎಂದೆ. ಆ ದಿನ ಅದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಕೆಲವು ದಿನಗಳ ಮೇಲೆ ಕಾರವಾರದಿಂದ ಬ್ಯಾನರು ಬಂತು. ಮೇಲೆ 'ಮೈದಾನ ದಾನಿ' ಹಮ್ಮಣ್ಣನ ಫೋಟೊ, ಹೊದೆಯುವ ಚಾದರದಷ್ಟು. ಕೆಳಗಿನ ಮೂಲೆಯಲ್ಲಿ ನಾನು, ಅಂಚೆ ಚೀಟಿಯಷ್ಟು. ಅದೂ ಸಾಲದೆಂದು, ಹಗ್ಗ ಕಟ್ಟಲು ಮಾಡಿದ ತೂತು ಸರಿಯಾಗಿ ನನ್ನ ಹಣೆಯ ಮೇಲೇ ಬಿದ್ದಿತ್ತು!

ನನ್ನ ಹೆಂಡತಿ ದೇವಿ ಬ್ಯಾನರು ಬಿಡಿಸಿ ನೋಡಿ, "ಹಮ್ಮಣ್ಣನ ಫೋಟೊ ಚಂದ ಬಂದದೆ. ಮದ್ಮಗನ ಹಂಗೆ ಕಾಣ್ತ" ಎಂದಳು.

"ನಂದು?"

"ನೀವು ಎಲ್ಲಿ ಇದ್ರಿ? ಓ, ಈ ತೂತಾ?"

ಆ ಕ್ಷಣದಲ್ಲಿ ನನ್ನೊಳಗೆ ತತ್ವ ಹುಟ್ಟಿತು.

ಕಮಿಟಿ ಸಭೆಯಲ್ಲಿ ಎದ್ದು ನಿಂತೆ. "ಮಾನ್ಯರೇ, ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುವವನ ನೆಲದಲ್ಲಿ ಕ್ರೀಡೆಯೇ? ಕ್ರೀಡಾಂಗಣ ಪವಿತ್ರವಾಗಿರಬೇಕು!" ನಾಗವೇಣಿಯ ಮಾತನ್ನು ಇಸ್ತ್ರಿ ಹಾಕಿ ನನ್ನದೆಂದು ತೊಟ್ಟುಕೊಂಡಿದ್ದೆ.

ಅಧ್ಯಕ್ಷ ಬೀರಣ್ಣ ತಲೆ ಕೆರೆದುಕೊಂಡ. "ಜಾಗ ಅವ್ನದು, ಆಟ ನಮ್ದು. ಚೆಂಡಿಗೆ ಪಾರ್ಟಿ ಅದೆಯೇನಾ?"

"ಚೆಂಡಿಗೆ ಇಲ್ಲ. ಬ್ಯಾನರಿಗೆ ಅದೆ!"

"ಹಂಗಾರೆ ಯಾರ ಜಾಗ? ಯಾವ ಕಡೆಗೂ ಮಾತಾಡ್ದೇ ಇದ್ದವ್ರ ಜಾಗ ಬೇಕು ಅಂದ್ರೆ ಸ್ಮಶಾನವೇ ಗತಿ ಮಾರಾಯ."

ಸಭೆ ನಕ್ಕಿತು. ನಕ್ಕವರ ಬಾಯಿ ಮುಚ್ಚಿಸುವ ಅವಸರದಲ್ಲಿ ಹೇಳಿಬಿಟ್ಟೆ: "ನಮ್ಮ ಗಜನಿ ಇಲ್ವಾ?"

ಗಜನಿ ಎಂದರೆ ಹಿನ್ನೀರಿನ ಅಂಚಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಭತ್ತ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲಿನ ಹಲಗೆಗಳನ್ನೆತ್ತಿ ಉಪ್ಪುನೀರು ಒಳಗೆ ಬಿಡುತ್ತೇವೆ. ನೀರಿನ ಜೊತೆ ಬಂದ ಸಿಗಡಿ, ಮೀನು ಹಿಡಿಯುತ್ತೇವೆ. ಅದರಲ್ಲಿ ನನಗೊಂದು ಪಾಲಿದೆ. ಪಂದ್ಯ ಮುಗಿಯುವವರೆಗೆ ಹಲಗೆ ಎತ್ತುವುದು ಬೇಡವೆಂದು ಉಳಿದ ಪಾಲುದಾರರ ಕಾಲಿಗೆ ಬಿದ್ದು ಒಪ್ಪಿಸಿದೆ. ಬೀರಣ್ಣನೂ ಅರೆಮನಸ್ಸಿನಿಂದ ಹೂಂ ಎಂದ.

ಸುದ್ದಿ ತಿಳಿದು ನಾಗವೇಣಿ ಎರಡು ದೊಡ್ಡ ಇಸ್ವಾಣ ಮೀನು ತಂದಿಟ್ಟಳು. "ಇದ್ಕೆ ದುಡ್ಡು ಬೇಡ. ಒಬ್ರಾರೂ ನಮ್ಮ ಮಾತು ಕೇಳಿದ್ರಲ್ಲ ಅಣ್ಣಾ." ಹಾರವಾಡದ ಹುಡುಗರು ಬೆಳಿಗ್ಗೆ ಮೀನುಗಾರಿಕೆ ಮುಗಿಸಿ ಬಂದು, ಮಧ್ಯಾಹ್ನದ ಬಿಸಿಲಲ್ಲಿ ಭತ್ತದ ಕೂಳೆ ಕಿತ್ತು, ನೆಲ ಹದ ಮಾಡಿ, ಕಂಬ ನೆಟ್ಟರು. ನಾನು ದಂಡೆಯ ಮೇಲೆ ಕೊಡೆ ಹಿಡಿದು ನಿಂತು, ಹಮ್ಮಣ್ಣ ಈ ದಾರಿಯಲ್ಲಿ ಯಾವಾಗ ಹೋಗುತ್ತಾನೆ ಎಂದು ಕಾಯುತ್ತಿದ್ದೆ. ಹೊಸ ಬ್ಯಾನರಿಗೂ ಹೇಳಿದ್ದೆ. ಈ ಸಲ ಚಾದರದಷ್ಟು ಫೋಟೊ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.

ಒಂದೇ ಕೊರತೆ. ಧೂಳು! ಹಮ್ಮಣ್ಣ ತನ್ನ ಮೈದಾನಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದ. ಅಲ್ಲಿ ಧೂಳು ಏಳುತ್ತಿರಲಿಲ್ಲ. ನನ್ನ ನೆಲದಲ್ಲಿ ಧೂಳೆದ್ದರೆ ಜನ ಹೋಲಿಸುವುದಿಲ್ಲವೇ? ಆಟದ ದಿನ ಬೆಳಗಾಗುತ್ತಲೇ ಎದ್ದು ಹೊರಟೆ.

"ಎಲ್ಲಿಗೆ?" ಎಂದಳು ದೇವಿ.

"ಒಂದು ಹಲಗೆ ಎತ್ತಿ ಸ್ವಲ್ಪ ನೀರು ಬಿಡೂಕೆ. ನೆಲ ತಂಪಾಗ್ಲಿ."

"ಇವತ್ತು ಹುಣ್ಣಿಮೆ. ದೊಡ್ಡ ಭರತಿ ಬರ್ತದೆ, ಸಮುದ್ರ ಉಕ್ಕಿ ಏರ್ತದೆ. ಹಲಗೆ ಮುಟ್ಬೇಡಿ."

"ಗಜನಿಯಲ್ಲೇ ಹುಟ್ಟಿದವ್ನಿಗೆ ಭರತಿ ಕಲಿಸೂಕೆ ಬರ್ತಿಯೇನೇ?"

ಆಗ ಸಮುದ್ರ ಇಳಿದಿತ್ತು. ಒಂದು ಹಲಗೆ ಎತ್ತಿದೆ. ನೀರು ಬರಲಿಲ್ಲ. ಇನ್ನೊಂದು ಎತ್ತಿದೆ. ಬೆಕ್ಕು ನೆಕ್ಕುವಷ್ಟು ಬಂತು. ಮೂರನೆಯದನ್ನೂ ಎತ್ತಿಟ್ಟು, ಬಂದಷ್ಟು ಬರಲಿ, ಅಷ್ಟರಲ್ಲಿ ಬ್ಯಾನರು ಕಟ್ಟಿಬರೋಣ ಎಂದು ಹೋದೆ. ಬ್ಯಾನರಿನಲ್ಲಿ ನನ್ನ ಮುಖ ಎಷ್ಟು ಚಂದ ಕಾಣುತ್ತಿತ್ತೆಂದರೆ, ಹಲಗೆಗಳ ವಿಷಯ ಮರೆತೇಹೋಯಿತು.

ತಂಡಗಳು ಬಂದವು. ಅರ್ಗಾದವರು, ಅಂಕೋಲೆ ಪೇಟೆಯವರು, ಹೊಸ ಜರ್ಸಿ ತೊಟ್ಟ ಹಾರವಾಡದವರು. ಮೊದಲ ಪಂದ್ಯವೇ ಅವರದು. ನಾಗವೇಣಿ ಅಂದು ಬುಟ್ಟಿ ಬಿಟ್ಟು, ಮುಡಿಗೆ ಅಬ್ಬಲಿಗೆ ಮುಡಿದು, ಹೆಂಗಸರ ಜೊತೆ ಚಾಪೆಯ ಮೇಲೆ ಕೂತಿದ್ದಳು. ನಾನು ಮೈಕು ಹಿಡಿದೆ. ಹಿಡಿದ ಮೇಲೆ ಬಿಡುವ ಅಭ್ಯಾಸ ನನಗಿಲ್ಲ. ನೆಲದ ಪಾವಿತ್ರ್ಯದಿಂದ ತೊಡಗಿ, ಕೆಲವರ ಟ್ಯಾಂಕರು ಮುಟ್ಟಿ, ಕೆಲವರ ಕೂದಲಿನ ತನಕ ಹೋದೆ. ರೆಫರಿ ಸೀಟಿ ಕಚ್ಚಿಕೊಂಡೇ ನಿಂತಿದ್ದ.

ಅಷ್ಟರಲ್ಲಿ ಚಾಪೆಯ ಮೇಲಿನ ಹೆಂಗಸರು ಎದ್ದು ನಿಂತರು. ಗೌರವ ಎಂದುಕೊಂಡೆ. ಹಿಂದಿನ ಗಂಡಸರು ಪಂಚೆ ಎತ್ತಿ ಕಟ್ಟಿದರು. ಹಮ್ಮಣ್ಣನ ವಿರುದ್ಧ ಹೋರಾಟಕ್ಕೆ ಸಜ್ಜಾದರು ಎಂದುಕೊಂಡೆ! ಧ್ವನಿ ಏರಿಸಿದೆ. "ಬಂಧುಗಳೇ, ಈ ಅಲೆಯನ್ನು ಯಾರೂ ತಡೆಯಲಾರರು!"

ತಡೆಯಲಿಲ್ಲ. ನನ್ನ ಚಪ್ಪಲಿ ತೇಲಿ ಮುಂದೆ ಹೋಯಿತು.

"ಹಲಗೆ ಯಾರಾ ತೆಗ್ದದ್ದು?" ಎಂದು ಬೀರಣ್ಣ ಕಿರುಚಿದ. ಎಲ್ಲರೂ ಕಟ್ಟೆಯ ಬಾಗಿಲಿಗೆ ಓಡಿದೆವು. ಭರತಿಯ ರಭಸಕ್ಕೆ ಹಲಗೆ ಕೂರಲೇ ಇಲ್ಲ. ಒಂದು ಒಳಗೇ ತೇಲಿ ಬಂತು. ನೋಡನೋಡುತ್ತ ಅಂಕಣ ಕೆರೆಯಾಯಿತು. ನೆಟ್ಟು ಮಾತ್ರ ಬಲೆಯಂತೆ ಮೇಲೆ ನಿಂತಿತ್ತು. ಪ್ರೇಕ್ಷಕರು ಟವೆಲ್ ಹರಡಿ ಸಿಗಡಿ ಹಿಡಿಯತೊಡಗಿದರು. ಅರ್ಗಾದ ನಾಯಕನ ಹೆಬ್ಬೆರಳನ್ನು ಏಡಿಯೊಂದು ಹಿಡಿದುಕೊಂಡಿತು. ದೇವಿ ಸೀರೆಯ ನೆರಿಗೆ ಎತ್ತಿಕೊಂಡು ನನ್ನ ಪಕ್ಕ ಬಂದು ನಿಂತಳು.

"ಹೊಟ್ಟೆಕಿಚ್ಚಿಗೆ ಹಾಕೂ ನೀರು ಗದ್ದೆಗೆ ಬಿಟ್ರಲ್ಲ!"

ಆಗ ಬಂತು ಹಮ್ಮಣ್ಣನ ಟ್ರ್ಯಾಕ್ಟರು. ತಲೆಗೂದಲು ಗಾಳಿಗೆ ಹಾರುತ್ತಿತ್ತು. ಅವನೇ ಹಗ್ಗ ಎಸೆದ, ಜನರೇಟರು ಎಳೆಸಿದ, ಮೈಕ್ ಸೆಟ್ಟು ಉಳಿಸಿದ. ಆಮೇಲೆ, "ಬರ್ರಾ, ನನ್ನ ಮೈದಾನ ಖಾಲಿ ಅದೆ. ನೀರೂ ಹೊಡ್ಸಿ ಇಟ್ಟಿದೆ" ಎಂದ.

ಜನ ಹೊರಟರು. ಹಾರವಾಡದ ಹುಡುಗರು ಮೊಣಕಾಲು ನೀರಲ್ಲಿ ಹಾಗೇ ನಿಂತಿದ್ದರು. ನಾಗವೇಣಿಯ ಮಗ ಒಮ್ಮೆ ಟ್ರ್ಯಾಕ್ಟರಿನ ಕಡೆ, ಒಮ್ಮೆ ತಾಯಿಯ ಕಡೆ ನೋಡಿದ. ಅವಳು ಒದ್ದೆ ಚಾಪೆ ಸುತ್ತತೊಡಗಿದಳು. ಹುಡುಗ ಚೆಂಡನ್ನು ನೀರಿನಿಂದ ಎತ್ತಿ ಒರೆಸಿ ಬೀರಣ್ಣನ ಕೈಗಿಟ್ಟು, "ನಾವು ಮನೆಗೆ ಹೋತ್ರು" ಎಂದ.

ಆಗ ನಾನೆಲ್ಲಿದ್ದೆ? ಹೇಳುತ್ತೇನೆ. ಹಮ್ಮಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ವಿವರಣೆ ನೀನೇ ಹೇಳಾ ಮಾರಾಯ, ನಿನ್ನ ಹಂಗೆ ಬಾಯಿ ಯಾರಿಗದೆ?" ಎಂದಿದ್ದ. ಅಷ್ಟು ಸಾಕಾಯಿತು. ತತ್ವ ಹಿನ್ನೀರಿಗೆ ಇಳಿದುಹೋಯಿತು. ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತಿದ್ದೆ! ರಸ್ತೆಯ ಬದಿಯಲ್ಲಿ ಒದ್ದೆ ಜರ್ಸಿಯಲ್ಲಿ ನಡೆಯುತ್ತಿದ್ದ ಹಾರವಾಡದವರನ್ನು ದಾಟಿಕೊಂಡೇ ಹೋದೆವು. ನಾನು ಬೇರೆ ಕಡೆ ನೋಡಿದೆ. ಸಂಜೆಯವರೆಗೆ ಮೈಕಿನಲ್ಲಿ ಮೈದಾನ ದಾನಿಗೆ ಎಷ್ಟು ಸಲ ಧನ್ಯವಾದ ಹೇಳಿದೆನೋ ನನಗೇ ಗೊತ್ತಿಲ್ಲ.

ಮರುದಿನವೇ ಹಮ್ಮಣ್ಣನಲ್ಲಿ ಕ್ಷಮೆ ಕೇಳಿದೆ. ಅವನು ನಕ್ಕು ಚಹಾ ತರಿಸಿದ. ಕ್ಷಮಿಸುವುದರಲ್ಲೂ ನನಗಿಂತ ಮುಂದೆ! ಮೈಕಿನವನಲ್ಲಿ, ಪಾಲುದಾರರಲ್ಲಿ, ಅರ್ಗಾದ ನಾಯಕನ ಹೆಬ್ಬೆರಳಲ್ಲಿ, ಎಲ್ಲರಲ್ಲೂ ಕೇಳಿದೆ. ಎಲ್ಲರೂ ನಗುತ್ತ ಮನ್ನಿಸಿದರು.

ಹಾರವಾಡದ ತಂಡ ಆಮೇಲೆ ನಮ್ಮಲ್ಲಿಗೆ ಬಂದಿಲ್ಲ. ಸಭೆಯಲ್ಲಿ ಯಾರಾದರೂ, ಇಂಥವರ ಜಾಗದಲ್ಲಿ ಆಡುವುದು ಸರಿಯೇ ಎಂದು ಬಾಯಿ ತೆರೆದರೆ ಸಾಕು, ಮೂಲೆಯಿಂದ ಒಬ್ಬ "ಗಜನಿಗೆ ಹೋಗ್ವಾನಾ?" ಎನ್ನುತ್ತಾನೆ. ನಗು ಏಳುತ್ತದೆ. ಪ್ರಶ್ನೆ ಅಲ್ಲಿಗೇ ಮುಳುಗುತ್ತದೆ. ಅದು ನನ್ನ ಪ್ರಶ್ನೆಯಾಗಿದ್ದರೆ ಮುಳುಗಲಿ ಎನ್ನಬಹುದಿತ್ತು. ಕಡಲದಂಡೆ ಕಳೆದುಕೊಳ್ಳಲಿದ್ದವರ ಪ್ರಶ್ನೆಯನ್ನು, ಬ್ಯಾನರಿನಲ್ಲಿ ಮುಖ ದೊಡ್ಡದಾಗಲೆಂದು ಎರವಲು ತಂದು, ಊರಿನ ನಗೆಪಾಟಲು ಮಾಡಿ ಹಿಂದಿರುಗಿಸಿದೆ.

ಈಗಲೂ ಮೀನಿನ ಟೆಂಪೊ ಬಂದ ಸದ್ದಾದರೆ ನಾನು ಹಿತ್ತಲಿಗೆ ಓಡುತ್ತೇನೆ. ದೇವಿಯೇ ಹೋಗಿ ಮೀನು ಕೊಳ್ಳುತ್ತಾಳೆ. ಮೈಕು ಕೊಟ್ಟರೆ ಇಡೀ ತಾಲೂಕಿಗೆ ಕೇಳುವಂತೆ ಕೂಗುವ ಈ ಗಂಟಲು, ಅಂಗಳದಲ್ಲಿ ನಿಂತು ಒಬ್ಬ ಹೆಂಗಸಿಗೆ ಒಂದು ಮಾತು ಹೇಳಲು ಹೊರಟರೆ ಒಣಗುತ್ತದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವಳೊಬ್ಬಳಲ್ಲೇ. ನಾಗವೇಣಿ.