ಕೌದಿಗೆ ಹೊಡೆದ ಗಾಲ್ಫ್

ನನಗೆ ಇಂಥವು ಆಗುತ್ತಲೇ ಇರುತ್ತವೆ. ಊರಿಗೇ ಗೊತ್ತಿಲ್ಲದ ಆಟ ಹಿಡಿದು ಕೂತವನಿಗೆ ಇನ್ನೇನಾದೀತು? ಇಪ್ಪತ್ತೆಂಟು ವರ್ಷ ಮಿಲಿಟರಿಯಲ್ಲಿದ್ದೆ, ಕೊನೆಗೆ ಸಾಹೇಬರ ಗಾಲ್ಫ್ ಮೈದಾನದ ಉಸ್ತುವಾರಿ. ಆಟ ಅಲ್ಲೇ ಅಂಟಿಕೊಂಡಿತು. ಗಜೇಂದ್ರಗಡಕ್ಕೆ ಮರಳುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸಾಹೇಬರೊಬ್ಬರು ತಮ್ಮ ಹಳೆಯ ಯಂತ್ರ ಕೊಟ್ಟು ಕಳಿಸಿದ್ದರು: ಒಂದು ಹಸಿರು ಚಾಪೆ, ವೈರು, ಸಿ.ಡಿ. ಚಾಪೆಯಲ್ಲಿ ಸಣ್ಣ ಸಣ್ಣ ಕಣ್ಣುಗಳಿವೆ. ಮೇಲೆ ಕೋಲು ಬೀಸಿದರೆ ಅದರ ವೇಗ, ದಿಕ್ಕು ಅಳೆದು ಕಂಪ್ಯೂಟರಿನ ಮೈದಾನದಲ್ಲಿ ಚೆಂಡು ಹಾರಿಸುತ್ತದೆ.

೧. ಆಟಗಾರರು ಎಷ್ಟು?

ಜೋಡಿಸಲು ರೋಣದಿಂದ ಕಂಪ್ಯೂಟರ್ ರಿಪೇರಿಯವನು ಬಂದ. ಚಾಪೆಯ ಕಣ್ಣಿಗೆ ಮೇಲಿನಿಂದ ಬೆಳಕು ಬೇಕೆಂದು ಪಡಸಾಲೆಯ ಜಂತಿಗೆ ದೊಡ್ಡ ಬಲ್ಬು ಕಟ್ಟಿದೆವು. ಮಧ್ಯಾಹ್ನದವರೆಗೆ ಗುದ್ದಾಡಿದ ಮೇಲೆ ಸಾಫ್ಟ್‌ವೇರ್ ತೆರೆಯಿತು. ಮೊದಲ ಪ್ರಶ್ನೆಯೇ, ಆಟಗಾರರು ಎಷ್ಟು?

"ಎಷ್ಟ್ ಹಾಕ್ಲಿ ರೀ?"

"ಒಂದು."

"ಜೋಡಿಗೆ ಯಾರೂ ಇಲ್ಲೇನ್ರಿ?"

"ಈ ಊರಾಗ ಗಾಲ್ಫ್ ಬಲ್ಲವ್ರು ಯಾರದಾರೋ ತಮ್ಮಾ?"

ಅವನು ಒಂದು ಒತ್ತಿ ಸಮಾಧಾನ ಹೇಳಿದ: "ಚಿಂತಿ ಬ್ಯಾಡ್ರಿ. ಮೊದಲನೇ ನಂಬರ್ ಖಾಯಂ ನಿಮ್ದ. ಕಡೀ ನಂಬರೂ ನಿಮ್ದ."

೨. ಹೊಟ್ಟೆ ತುಂಬಿದ ಕೌದಿ

ಮನೆಯೊಳಗಿನ ನಿಜವಾದ ಚೆಂಡು ತಡೆಯಲು ಬೆಡ್‌ಶೀಟ್ ಕಟ್ಟಿದ್ದೆ. ಮೊದಲ ಹೊಡೆತಕ್ಕೇ ಅದು ಹರಿದು, ಹಿಂದಿದ್ದ ಹಿತ್ತಾಳೆ ಕೊಡ ನೆಗ್ಗಿತು. ಪಕ್ಕದ ಮನೆಯ ಚಾಚಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುವವಳು. ಎಂಟು ಮೊಳದ್ದೊಂದು ಕೇಳಿದೆ.

"ಅಷ್ಟು ದೊಡ್ಡದ? ಹೊಚ್ಚಿಕೊಳ್ಳಾವ್ರು ಎಷ್ಟು ಮಂದಿ, ಸುಬೇದಾರ್ರ?"

"ಯಾರೂ ಇಲ್ಲ ಚಾಚಿ. ಅದಕ್ಕ ಚೆಂಡು ಹೊಡೀತೀನಿ."

ಚಾಚಿ ಒಂದು ವಾರ ಕೂತು ಹೊಲಿದು ತಂದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ತಿನ್ನುವುದೇನಾದರೂ ಇಟ್ಟು ಮುಚ್ಚುವುದು ವಾಡಿಕೆ. ಅವಳು ಹೋಳಿಗೆಯ ಚೂರು ಇಟ್ಟಿದ್ದಳು.

"ಚಲೋತ್ನಂಗ ಉಂಡೈತಿ. ಇನ್ನ ಎಷ್ಟ್ ಬೇಕಾದ್ರೂ ಹೊಡೀರಿ," ಎಂದಳು.

೩. ಚೆಂಡು ಇಳೀತೇನ್ರಿ?

ಒಂದು ದಿನ ಜೀವಮಾನದ ಹೊಡೆತ ಬಿತ್ತು. ಪರದೆಯ ಮೇಲೆ ಚೆಂಡು ಆಕಾಶಕ್ಕೇರಿತು, ಕರೆಂಟು ಹೋಯಿತು. ಸಂಕಟ ತಡೆಯದೆ ಚಹಾದಂಗಡಿಯಲ್ಲಿ ಹೇಳಿಕೊಂಡೆ. ಅದೇ ತಪ್ಪಾಯಿತು. ಮರುದಿನದಿಂದ ಎದುರಾದವರೆಲ್ಲ, "ಚೆಂಡು ಇಳೀತೇನ್ರಿ?" ಊಟ ಆಯಿತೇ ಎಂದು ನನ್ನನ್ನು ಕೇಳಿ ಮೂರು ವರ್ಷವಾಗಿತ್ತು. ಚೆಂಡಿನ ಯೋಗಕ್ಷೇಮ ಮಾತ್ರ ದಿನಾ ವಿಚಾರಿಸುತ್ತಿದ್ದರು.

೪. ಎರಡು

ಒಮ್ಮೆ ಆಟದ ನಡುವೆ, ನಾನು ಹೋಗಬೇಕಿದ್ದ ರೋಣದ ಬಸ್ಸಿನ ಹಾರ್ನ್ ಕೇಳಿತು. ಪರದೆಯ ಮೇಲೆ ನನ್ನ ಚೆಂಡು ಮರಳಿನ ಗುಂಡಿಯಲ್ಲಿತ್ತು. ಹನ್ನೊಂದು ಹೊಡೆತ ಹೊಡೆದರೂ ಮೇಲೆದ್ದಿರಲಿಲ್ಲ. ಎಲ್ಲ ಹಾಗೇ ಬಿಟ್ಟು, ಕದ ಮುಂದಕ್ಕೆಳೆದು ಓಡಿದೆ. ಸಂಜೆ ಬಂದು ನೋಡಿದರೆ ಚೆಂಡು ಕುಳಿಯ ಗುರುತಿನ ಬಾವುಟದ ಬುಡದಲ್ಲಿ! ನನ್ನ ಹನ್ನೊಂದರ ಮೇಲೆ ಎರಡೇ ಹೊಡೆತ!

ಈ ಊರಲ್ಲಿ ಗಾಲ್ಫ್ ಬಲ್ಲವರು ಒಬ್ಬರಿದ್ದಾರೆ! ಚಪ್ಪಲಿ ಮೆಟ್ಟದೆ ಓಣಿಗೆ ಓಡಿದೆ.

"ನಮ್ಮ ಮನಿಗೆ ಯಾರೋ ಬಂದಿದ್ರು!"

ಜನ ಕೂಡಿತು. "ಏನೇನ್ ಹೋತ್ರಿ?"

"ಏನೂ ಹೋಗಿಲ್ರಿ. ಯಾರೋ ಬಂದಿದ್ರು!"

ಗುಂಪಿನ ಹಿಂದಿನಿಂದ ಚಾಚಿ ಕೂಗಿದಳು: "ನಾನ ಬಂದಿದ್ನಿರೀ. ಕೌದ್ಯಾಗಿನ ಹೋಳಿಗಿಗೆ ಇರಿವಿ ಮುತ್ತಿದ್ವು. ಕಸಾ ಹೊಡದ್ ಬಂದ್ನಿ."

ಮನೆಗೆ ಕರೆತಂದು, "ಇನ್ನೊಮ್ಮೆ ಹೊಡೀರಿ ಚಾಚಿ," ಎಂದೆ. ಚಾಪೆಯ ಮೇಲೆ ಕಸಬರಿಗೆ ಒಮ್ಮೆ ಹಾಯಿತು. ಪರದೆಯ ಮೇಲೆ ಚೆಂಡು ಉರುಳಿ ಕುಳಿಯೊಳಗೆ ಬಿತ್ತು. ಚಾಪೆಯ ಕಣ್ಣಿಗೆ ಕೋಲೂ ಒಂದೇ, ಕಸಬರಿಗೆಯೂ ಒಂದೇ. ಊರಿಗೊಬ್ಬ ಆಟಗಾರ ಸಿಕ್ಕನೆಂಬ ಆಸೆ ಅಲ್ಲಿಗೆ ಮುಗಿಯಿತು. ಅಳು ಬರಬೇಕಿತ್ತು, ನಗು ಬಂತು. ಹೊಸ ಆಟ ತೆರೆದೆ. ಆಟಗಾರರು ಎಷ್ಟು? ಮೊದಲ ಸಲ ಎರಡು ಒತ್ತಿದೆ.

ನಾನು ಕೋಲು ಬೀಸಿದೆ; ಗುಂಡಿಗೆ ಬಿತ್ತು. ಚಾಚಿ ಕಸಬರಿಗೆ ಬೀಸಿದಳು, ನೆಟ್ಟಗೆ ಹೋಯಿತು. ಮೂರು ಸಲ ಹಾಗೇ ಆದ ಮೇಲೆ ಅವಳಿಗೆ ನನ್ನ ಮೇಲೆ ಕನಿಕರ ಬಂತು.

"ಇಪ್ಪತ್ತೆಂಟು ವರ್ಷ ಮಿಲಿಟ್ರ್ಯಾಗ ಕಸಾ ಹೊಡಿಯೂದ ಕಲಸಿದ್ರೇನ್ರಿ ನಿಮಗ? ಅದೂ ನೆಟ್ಟಗ ಬರವಲ್ದು! ಇರ್ಲಿ ಬಿಡ್ರಿ, ದಿನಾ ಸಂಜಿಗೆ ಬಂದು ಕಲಸ್ತೀನಿ."