ಪಾಲ್ಮಿಟಿಕ್ ಆಮ್ಲದವರಿಗೆ ಒಬ್ಬ ಪ್ಲಂಬರನ ಅಹವಾಲು

ಬೆಣ್ಣೆಯಲ್ಲಿ, ಸಾಬೂನಿನಲ್ಲಿ, ಮೇಣದಬತ್ತಿಯಲ್ಲಿ ಹಾಗೂ ನನ್ನ ಸೊಂಟದ ಸುತ್ತಳತೆಯಲ್ಲಿ ಏಕಕಾಲಕ್ಕೆ ನೆಲೆಸಿರುವ, ಜಿಡ್ಡಿನ ಕುಲದ ಮಾನ್ಯ ಪಾಲ್ಮಿಟಿಕ್ ಆಮ್ಲದವರೇ,

ಅಡುಗೆಮನೆಯ ಪೈಪುಗಳಲ್ಲಿ ಕಟ್ಟಿಕೊಂಡ ಜಿಡ್ಡನ್ನು ಕೆರೆದು ತೆಗೆಯುವುದೇ ನನ್ನ ಕಸುಬಾದ್ದರಿಂದ, ನನ್ನ ಅನ್ನದಾತರೂ ತಾವೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಮ್ಮ ಹದಿನಾರು ಇಂಗಾಲಗಳು ಇನ್ನೊಂದು ಹೈಡ್ರೋಜನ್ನಿಗೂ ಜಾಗವಿಲ್ಲದಂತೆ ತುಂಬಿಕೊಂಡು, ನೆಟ್ಟಗೆ ಸಾಲುಗಟ್ಟಿ ನಿಲ್ಲುತ್ತವೆ, ಅದಕ್ಕೇ ತಾವು ತಣ್ಣಗಿನ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತೀರಿ ಎಂದು, ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಬಸುರಿ ಮಗಳು ವಿವರಿಸಿದ್ದಾಳೆ. ಅಂಥ ಶಿಸ್ತನ್ನು ನಾನು ಬಸ್ಸಿನ ಸಾಲಿನಲ್ಲಿ ಎಂದೂ ಕಂಡಿಲ್ಲ.

ಆದರೂ ಒಂದು ದೂರು ಇದೆ. ಕುದಿನೀರು ಸುರಿದರೆ ತಾವು ಕರಗಿ ಹೊರಟುಹೋಗುತ್ತೀರೆಂದು ನಮ್ಮ ಕಟ್ಟಡದ ಮೇಲಿನ ಮಹಡಿಯವರಿಗೆಲ್ಲ ಪುಕ್ಕಟೆ ಸಲಹೆ ಕೊಟ್ಟವನು ನಾನೇ. ತಾವು ಕರಗಿದ್ದೂ ನಿಜ, ಹೊರಟಿದ್ದೂ ನಿಜ. ಆದರೆ ನೆಲಮಹಡಿಯ ನನ್ನ ಮನೆಯಲ್ಲಿ ಪೈಪು ತಿರುಗುವ ಬೆಂಡಿಗೆ ಬರುವಷ್ಟರಲ್ಲಿ ನೀರು ತಣ್ಣಗಾಗಿ, ಅಲ್ಲೇ ಸಂಸಾರ ಹೂಡಿದಿರಿ. ಎಲ್ಲರ ಮುಸುರೆ ನೀರು ನಮ್ಮ ಸಿಂಕಿನಲ್ಲಿ ಉಕ್ಕಿದಾಗ ನನ್ನ ಹೆಂಡತಿ, "ಊರಿಗೆಲ್ಲ ಬುದ್ಧಿ ಹೇಳೋರು, ಮೊದಲು ನಮ್ಮನೆ ನೋಡ್ಕೊಳ್ಳಿ" ಎಂದಳು. ನಾನು ಬಕೆಟ್ ಹಿಡಿದೆ.

ಇನ್ನು ನನ್ನ ದೇಹದ ವಿಚಾರ. ತಾವು ಹೆಚ್ಚಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆಂದು ಡಾಕ್ಟರು ಗದರಿದ ಮೇಲೆ ಬೆಣ್ಣೆ ಬಿಟ್ಟೆ, ಆ ದುಃಖ ಮರೆಯಲು ಚಹಾಕ್ಕೆ ಸಕ್ಕರೆ ಹೆಚ್ಚಿಸಿದೆ. ಮುಂಬಾಗಿಲು ಹಾಕಿದರೆ ಹಿತ್ತಲಿನಿಂದ ಬರುವ ನೆಂಟರಂತೆ, ತಾವು ಆ ಸಕ್ಕರೆಯಿಂದಲೇ ನನ್ನ ಲಿವರಿನಲ್ಲಿ ಹುಟ್ಟಿಕೊಂಡಿರಿ! ಆದಕಾರಣ ಈ ಭೂಮಂಡಲವನ್ನೇ ಬಿಟ್ಟು ದಯಮಾಡಿಸಬೇಕೆಂದು ತಮ್ಮನ್ನು ಕೋರಲು ಈ ಪತ್ರ ಆರಂಭಿಸಿದ್ದೆ.

ಪತ್ರ ಅರ್ಧಕ್ಕೆ ನಿಂತಿತು, ಏಕೆಂದರೆ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಉಸಿರಿಗಾಗಿ ಒದ್ದಾಡುತ್ತಿತ್ತು. ಎದೆಯೊಳಗಿನ ಗಾಳಿಚೀಲಗಳು ಮುಚ್ಚಿಹೋಗದಂತೆ ಕಾಯುವ ಜಿಡ್ಡು ಅದಕ್ಕಿನ್ನೂ ಸಾಕಷ್ಟು ಕೂಡಿರಲಿಲ್ಲವಂತೆ. ಡಾಕ್ಟರು ಸಣ್ಣದೊಂದು ನಳಿಕೆಯಲ್ಲಿ ಅದರ ಎದೆಯೊಳಕ್ಕೆ ಬೆಳ್ಳಗಿನ ಔಷಧಿ ಇಳಿಸತೊಡಗಿದರು. ಪೈಪಿಗೆ ಯಾರು ಏನು ಸುರಿದರೂ ಅದೇನೆಂದು ಕೇಳುವುದು ನನ್ನ ಕಸುಬಿನ ಚಾಳಿ; ಕೇಳಿದೆ. ತಾವೇ ಮುಖ್ಯ ಭಾಗವಾಗಿರುವ ಜಿಡ್ಡು ಎಂದರು. ಜೀವಮಾನವಿಡೀ ತಮ್ಮನ್ನು ಪೈಪಿನಿಂದ ಕೆರೆದು ತೆಗೆದವನು, ತಾವು ಪೈಪಿನೊಳಗೆ ಇಳಿಯುವುದನ್ನು ಕೈಮುಗಿದು ನೋಡುತ್ತ ನಿಂತೆ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ಈಗ ಮೊಮ್ಮಗಳು ವಾರ್ಡು ಹಾರಿಹೋಗುವಂತೆ ಅಳುತ್ತಾಳೆ. ಆದ್ದರಿಂದ ನನ್ನ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ತಾವು ಭೂಮಂಡಲದಲ್ಲಿ ಇರಬಹುದು. ಅವಳ ಎದೆಯಲ್ಲಂತೂ ಇರಲೇಬೇಕು.

ಎಷ್ಟು ತೊಳೆದರೂ ಕೈಯ ಜಿಡ್ಡು ಹೋಗದ,
ತಮ್ಮ ವಿಶ್ವಾಸಿ,
ನೆಲಮಹಡಿಯ ಪ್ಲಂಬರ್

ತಾ.ಕ.: ನನ್ನ ಮನೆಯ ಬೆಂಡಿನಲ್ಲಿ ಕೂತಿರುವ ತಮ್ಮ ಬಳಗಕ್ಕೆ ಈ ರಿಯಾಯಿತಿ ಇಲ್ಲ. ಮೊಮ್ಮಗಳು ಮನೆಗೆ ಬರುವಷ್ಟರಲ್ಲಿ ಜಾಗ ಖಾಲಿ ಮಾಡದಿದ್ದರೆ, ಕಾಸ್ಟಿಕ್ ಸೋಡಾ ಸುರಿದು ಅವರನ್ನು ಸಾಬೂನು ಮಾಡಿ, ಅವಳು ಒದ್ದೆ ಮಾಡಿದ ಬಟ್ಟೆಗಳನ್ನು ಅದರಲ್ಲೇ ಒಗೆಯಲಾಗುವುದು.