ಕೂವೆಮರ ಹತ್ತಿದ ಕೆಂಪು ಕೋಟು

“ಈ ಮರೀನನ್ನ ಸಮುದ್ರಕ್ಕೆ ಎಸೀರಪ್ಪ, ಒಳಗೆ ಒಂದು ಹನೀನೂ ಇಲ್ಲ,” ಎಂದು ಖಲಾಸಿ ಪೆಂಗೆಲಿ ಖಾಲಿ ಬಾಟಲಿ ಎತ್ತಿ ಅಲ್ಲಾಡಿಸಿದ. ಖಾಲಿ ಬಾಟಲಿಗೆ ಖಲಾಸಿಗಳು ಇಟ್ಟ ಹೆಸರೇ ‘ಮರೀನ್’. ಆದರೆ ಪೆಂಗೆಲಿಯ ಕಣ್ಣು ಪಕ್ಕದಲ್ಲಿ ಕಾವಲು ನಿಂತಿದ್ದ ಸಿಪಾಯಿ ಜೇಬೆಜನ ತಲೆಯ ಮೇಲಿತ್ತು. ಮಧ್ಯಾಹ್ನ ಹಂಚುವ ರಮ್ಮು ಹೆಂಡಕ್ಕೆ ಸಾಲು ನಿಂತಿದ್ದ ಹಡಗಿಗೆ ಹಡಗೇ ನಕ್ಕಿತು.

ಇಂಗ್ಲೆಂಡಿನ ರಾಜನ ಆ ಯುದ್ಧನೌಕೆಯಲ್ಲಿ ಜೇಬೆಜ್ ಕೆಂಪು ಕೋಟಿನ ಮರೀನ್, ಅಂದರೆ ಹಡಗೇರಿದ ಸಿಪಾಯಿ. ಖಲಾಸಿಗಳು ದಂಗೆ ಎದ್ದರೆ ಗುಂಡು ಹೊಡೆಯಬೇಕು, ಏಳದಿದ್ದರೆ ನೀರಿನ ಪೀಪಾಯಿ ಕಾಯಬೇಕು. ಅಂಥವನನ್ನು ಯಾರು ತಾನೇ ಪಕ್ಕ ಕೂರಿಸಿಕೊಳ್ಳುತ್ತಾರೆ? ಅಧಿಕಾರಿಗಳಿಗೆ ಅವನು ನಾಯಿ, ಖಲಾಸಿಗಳಿಗೆ ಅಧಿಕಾರಿಗಳ ನಾಯಿ. ಆ ಹಾಳು ಹಡಗಿನಲ್ಲಿ ತನ್ನನ್ನೂ ಯಾರಾದರೂ ಒಬ್ಬ ಮನುಷ್ಯ ಎನ್ನಲಿ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಪೆಂಗೆಲಿ ಅಲ್ಲಿಗೇ ಬಿಡಲಿಲ್ಲ. ಹಾಯಿ ಕಟ್ಟುವ ಕೂವೆಮರ ಹತ್ತು ಎಂದು ಮರೀನನಿಗೆ ಅಪ್ಪಣೆ ಮಾಡುವ ಹಕ್ಕು ಕಪ್ತಾನನಿಗೂ ಇಲ್ಲ, ಇವೆಲ್ಲ ಇಟ್ಟಲ್ಲೇ ಕೊಳೆಯುವ ಕುಂಬಳಕಾಯಿಗಳು ಎಂದ. ಜೇಬೆಜನ ಪಿತ್ತ ನೆತ್ತಿಗೇರಿತು. ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯ, ಮರೀನ್ ಟೈಟಸ್, ತೋಳು ಹಿಡಿದು ಜಗ್ಗಿದ.

“ಬೊಗಳ್ಕೊಳ್ಲಿ ಬಿಡೋ. ನಮ್ಮ ಕೋಟು ನಮ್ಗಿರ್ಲಿ.”

“ಕೋಟು ಹಾಕ್ಕೊಂಡೇ ಹತ್ತೀನಿ ಕಣೋ. ನೋಡ್ಲಿ ನನ್ಮಕ್ಳು.”

ಹತ್ತಿದ. ಹಡಗು ಹೊರಳಿದಾಗೆಲ್ಲ ಬಾವಿಗೆ ಬಿದ್ದ ಬೆಕ್ಕಿನಂತೆ ಹಗ್ಗ ತಬ್ಬಿಕೊಂಡ, ತಿಂದದ್ದನ್ನೆಲ್ಲ ಗಾಳಿಗೆ ಕೊಟ್ಟ, ಆದರೂ ಮೇಲಿನ ಅಟ್ಟ ಮುಟ್ಟಿದ. ಮುಟ್ಟಿದ್ದೇ ತಡ, ಹಿಂದೆಯೇ ಬಂದ ಇಬ್ಬರು ಖಲಾಸಿಗಳು ಅವನ ಕೈಕಾಲನ್ನು ಹಗ್ಗದೇಣಿಗೆ ಬಿಗಿದರು. ಮೊದಲ ಸಲ ಮೇಲೆ ಬಂದವನು ತನ್ನ ಪಾಲಿನ ರಮ್ಮು ಕೊಡುತ್ತೇನೆಂದು ಒಪ್ಪುವ ತನಕ ಬಿಚ್ಚಬಾರದು, ಅದು ಅವರ ಶಾಸ್ತ್ರ. ಒಂದು ವಾರದ ರಮ್ಮಿಗೆ ಜೇಬೆಜ್ ಆಣೆಯಿಟ್ಟ. ಅಷ್ಟರಲ್ಲಿ ಕಪ್ತಾನ ತಲೆಯೆತ್ತಿ ನೋಡಿದ. ಬೆಳ್ಳನೆಯ ಹಾಯಿಯ ಮುಂದೆ ಬೆಂದ ಏಡಿಯಂತೆ ಕೆಂಪು ಕೋಟು ಕೈಕಾಲು ಚೆಲ್ಲಿಕೊಂಡಿತ್ತು.

ಕೆಳಗಿಳಿಸಿದರು. ಅಪ್ಪಣೆಯಿಲ್ಲದೆ ಹತ್ತಿದ್ದಕ್ಕೆ ಚಾಟಿಯೇಟು ಖಾತ್ರಿ ಎನ್ನುವಾಗ ಪೆಂಗೆಲಿಯೇ ಮುಂದೆ ಬಂದ. ರಮ್ಮು ಕೊಟ್ಟವನು ನಮ್ಮವನು, ನಮ್ಮವನ ಬೆನ್ನು ಸುಲಿಯಲು ಬಿಡಬಾರದು ಎಂಬುದೂ ಅದೇ ಶಾಸ್ತ್ರ.

“ಸ್ವಾಮಿ, ಇವ್ನು ಹುಟ್ಟು ಖಲಾಸಿ. ಯಾರೂ ಹೇಳ್ದೆ ತಾನಾಗೇ ಹತ್ದ. ಇಂಥ ಕೈ ನಮ್ಮಲ್ಲೇ ನಾಲ್ಕಿಲ್ಲ.”

ಕಪ್ತಾನನ ಮುಖ ಅರಳಿತು. ಅರ್ಧ ಖಲಾಸಿಗಳು ಜ್ವರದಿಂದ ಮಲಗಿದ್ದರು. ಚಾಟಿ ಬೇಡ, ಕೋಟು ಬಿಚ್ಚಿಸಿ ಇವನನ್ನು ಖಲಾಸಿಗಳಿಗೆ ಸೇರಿಸಿ, ಇನ್ನು ಮೇಲೆ ಕೂವೆಮರವೇ ಇವನ ಕೆಲಸ ಎಂದುಬಿಟ್ಟ. ಖಲಾಸಿಗಳು ಬೆನ್ನು ತಟ್ಟಿದರು. ಇನ್ನೊಮ್ಮೆ ಹತ್ತುವುದನ್ನು ನೆನೆದೇ ಜೇಬೆಜ್ ಕೈಗೆ ಸಿಕ್ಕ ಹಗ್ಗವನ್ನು ತಬ್ಬಿಕೊಂಡ.

ಸಂಜೆ ತನ್ನ ತೂಗುಹಾಸಿಗೆ ತರಲು ಮರೀನರು ಮಲಗುವ ಜಾಗಕ್ಕೆ ಹೋದ. ಅಧಿಕಾರಿಗಳಿಗೂ ಖಲಾಸಿಗಳಿಗೂ ನಡುವೆ ಗೋಡೆ ಕಟ್ಟಿದಂತೆ ಆ ಜಾಗ. ಬಾಗಿಲಲ್ಲಿ ಟೈಟಸ್ ಕಾವಲಿದ್ದ. ಜೇಬೆಜ್ ನಕ್ಕ. ಟೈಟಸ್ ನಗಲಿಲ್ಲ. ಬಂದೂಕಿನ ತುದಿಯ ಕತ್ತಿಯನ್ನು ಅವನ ಎದೆಗೆ ಹಿಡಿದ.

“ಖಲಾಸಿಗಳು ಈ ಕಡೆ ಬರೋ ಹಾಗಿಲ್ಲ. ನಿಂಗೆ ಹೇಳ್ಕೊಡ್ಬೇಕಾ? ನಿನ್ನೆ ಇಲ್ಲೇ ನಿಂತು ಈ ಮಾತು ನೀನೇ ಹೇಳ್ತಿದ್ದೆ.”

ಒಳಗಿನಿಂದ ಹಾಸಿಗೆ ಹಾರಿಬಂದು ಕಾಲ ಬಳಿ ಬಿತ್ತು. ಗಾಳಿ ಎದ್ದಿದೆ, ಬೇಗ ಹತ್ತು ಬಾರೋ ತಮ್ಮಾ ಎಂದು ಪೆಂಗೆಲಿ ಮೇಲಿನಿಂದ ಅಕ್ಕರೆಯಲ್ಲಿ ಕೂಗುತ್ತಿದ್ದ. ಜೇಬೆಜ್ ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು, ಕೋಟಿಲ್ಲದೆ ಕೂವೆಮರದ ಕಡೆ ಹೊರಟುಹೋದ.